ಬೆಂಗಳೂರಿನ ದುಡ್ಡು, ಟಾಮ್ನವೂಲಿನ್ ಭಟ್ಟಿ

ಸಾಂಗಲಿಯಿಂದ ತಾಸಗಾಂವದ ದಾರಿ ಹಿಡಿದರೆ ಕವಲಾಪುರದ ಸೀಮೆಯಲ್ಲಿ ಹಳೆಯ ವಿಮಾನ ನಿಲ್ದಾಣದ ಜಾಗವಿದೆ. ವಿಮಾನಗಳಿಲ್ಲ, ನಿಲ್ದಾಣವೆಂಬ ಹೆಸರು ಉಳಿದಿದೆ. ಈ ಕಡೆ ಯಾವುದೇ ಉದ್ಯಮ ಮುಚ್ಚಿತೆಂದರೆ ಅದರ ಮುಂದಿನ ಹಾದಿ ಎಲ್ಲರಿಗೂ ಗೊತ್ತು. ಯಂತ್ರ ಗುಜರಿಗೆ, ನೆಲ ಗುಂಟೆಯ ಲೆಕ್ಕಕ್ಕೆ, ಕೆಲಸಗಾರರ ಬಾಕಿ ಕೋರ್ಟಿಗೆ. ಸಕ್ಕರೆ ಕಾರ್ಖಾನೆಯ ಮಗ್ಗುಲಲ್ಲಿರುವ ಡಿಸ್ಟಿಲರಿಗೂ ಇದೇ ಗತಿ. ಕಬ್ಬು ನುರಿಸುವುದು ನಿಂತರೆ ಕಾಕಂಬಿ ಇಲ್ಲ, ಕಾಕಂಬಿ ಇಲ್ಲದಿದ್ದರೆ ಭಟ್ಟಿಗೆ ಉರಿ ಇಲ್ಲ. ಟ್ಯಾಂಕಿನಲ್ಲಿ ಉಳಿದ ಸ್ಪಿರಿಟ್ಟನ್ನು ಅಬಕಾರಿಯವರ ಎದುರಿಗೆ ಅಳೆದು ಟ್ಯಾಂಕರಿಗೆ ತುಂಬಿಸಿ ಕಳಿಸಿದರೆ ಅಲ್ಲಿಗೆ ಆ ಡಿಸ್ಟಿಲರಿಯ ಚರಿತ್ರೆಯೂ ಮುಗಿಯಿತು.

ವಿಸ್ಕಿಯ ಭಟ್ಟಿ ಮುಚ್ಚಿದಾಗ ಮಾತ್ರ ಬೇರೆಯೇ ಒಂದು ವಿದ್ಯಮಾನ ನಡೆಯುತ್ತದೆ. ಒಲೆ ಆರುತ್ತದೆ, ಕೆಲಸಗಾರರು ಮನೆಗೆ ಹೋಗುತ್ತಾರೆ, ಗೇಟಿಗೆ ಬೀಗ ಬೀಳುತ್ತದೆ. ಆದರೆ ಗೋದಾಮಿನಲ್ಲಿ ಸಾಲುಗಟ್ಟಿ ಮಲಗಿಸಿಟ್ಟ ಓಕ್ ಮರದ ಪೀಪಾಯಿಗಳ ಒಳಗೆ ಮಾಲು ವರ್ಷದಿಂದ ವರ್ಷಕ್ಕೆ ಹಣ್ಣಾಗುತ್ತಲೇ ಇರುತ್ತದೆ. ಹತ್ತು ವರ್ಷದ್ದು ಇಪ್ಪತ್ತಾಗುತ್ತದೆ, ಇಪ್ಪತ್ತರದ್ದು ಮೂವತ್ತಾಗುತ್ತದೆ. ಹೊಸದು ಬರುವುದಿಲ್ಲವೆಂದು ಗೊತ್ತಾದ ಕೂಡಲೇ ಬೆಲೆ ಇನ್ನೊಂದು ಮೆಟ್ಟಿಲು ಏರುತ್ತದೆ. ನಡೆಯುತ್ತಿದ್ದಾಗ ಯಾರೂ ಕಣ್ಣೆತ್ತಿ ನೋಡದ ಭಟ್ಟಿಗಳು ಸತ್ತ ಮೇಲೆ ಹರಾಜಿನ ಕಟ್ಟೆಯಲ್ಲಿ ರಾಜಮರ್ಯಾದೆ ಪಡೆದಿವೆ. ಇಂಥ ಭಟ್ಟಿಗಳ ಪೈಕಿ ಒಂದರ ಕತೆಗೆ ಬೆಂಗಳೂರಿನ ನಂಟಿದೆ. ಅದನ್ನು ಹಿಡಿದರೆ ನಮ್ಮ ಕಡೆಯ ಡಿಸ್ಟಿಲರಿಗಳು ಮುಚ್ಚಿದಾಗ ಯಾಕೆ ಏನೂ ಉಳಿಯುವುದಿಲ್ಲ ಎಂಬುದೂ ತಿಳಿಯುತ್ತದೆ.

2007ರ ಮೇ ತಿಂಗಳಲ್ಲಿ ವಿಜಯ್ ಮಲ್ಯ ಅವರ ಯುಬಿ ಗುಂಪಿನ ಯುನೈಟೆಡ್ ಸ್ಪಿರಿಟ್ಸ್ ಕಂಪನಿ ಗ್ಲಾಸ್ಗೋದ ವೈಟ್ ಅಂಡ್ ಮೆಕೇ ಕಂಪನಿಯನ್ನು 59.5 ಕೋಟಿ ಪೌಂಡ್ ಕೊಟ್ಟು ಕೊಂಡಿತು. ಬಂಟ್ವಾಳ ಮೂಲದ ಮಲ್ಯ ಕುಟುಂಬಕ್ಕೆ ಇದು ಎರಡು ತಲೆಮಾರಿನ ಲೆಕ್ಕ ಚುಕ್ತಾ ಮಾಡಿದ ಹಾಗೆ. 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟಿಷ್ ಮನುಷ್ಯ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ್ದ. ಸ್ವಾತಂತ್ರ್ಯದ ಹೊತ್ತಿಗೆ ಅದು ವಿಠಲ ಮಲ್ಯ ಅವರ ಕೈಗೆ ಬಂತು. 1951ರಲ್ಲಿ ಅವರು ಮದ್ರಾಸಿನ ಮ್ಯಾಕ್‌ಡವೆಲ್ ಕಂಪನಿಯನ್ನೂ ಸೇರಿಸಿಕೊಂಡರು. ಸ್ಕಾಟ್ಲೆಂಡಿನವರು ಇಲ್ಲಿ ಬಿಟ್ಟುಹೋದದ್ದನ್ನು ಅಪ್ಪ ಕೊಂಡ, ಸ್ಕಾಟ್ಲೆಂಡಿನಲ್ಲೇ ಇದ್ದದ್ದನ್ನು ಮಗ ಕೊಂಡ.

ಆ ಖರೀದಿಯ ಗಂಟಿನಲ್ಲಿ ಡಾಲ್ಮೋರ್, ಜುರಾ, ಫೆಟರ್‌ಕೇರ್ನ್ ಎಂಬ ಮೂರು ಮಾಲ್ಟ್ ಭಟ್ಟಿಗಳು, ಇನ್ವರ್‌ಗಾರ್ಡನ್ ಎಂಬ ದೊಡ್ಡ ಧಾನ್ಯದ ಭಟ್ಟಿ ಇದ್ದವು. ಅವೆಲ್ಲ ಉರಿಯುತ್ತಿದ್ದವು. ಜೊತೆಗೆ ಹನ್ನೆರಡು ವರ್ಷದಿಂದ ಬೀಗ ಹಾಕಿಕೊಂಡು ಕೂತಿದ್ದ ಟಾಮ್ನವೂಲಿನ್ ಕೂಡ ಇತ್ತು.

ಟಾಮ್ನವೂಲಿನ್ ಹಳೆಯ ಕಾಲದ ವೈಭವದ ಭಟ್ಟಿಯೇನಲ್ಲ. ಸ್ಪೇಸೈಡ್ ಪ್ರದೇಶದ ಲಿವೆಟ್ ನದಿಯ ದಂಡೆಯ ಮೇಲೆ ಇನ್ವರ್‌ಗಾರ್ಡನ್ ಕಂಪನಿ ಅದನ್ನು ಕಟ್ಟಿದ್ದು 1966ರಲ್ಲಿ. ಅದೇ ಕಣಿವೆಯಲ್ಲಿ 1824ರಲ್ಲೇ ಲೈಸೆನ್ಸ್ ಪಡೆದ ಗ್ಲೆನ್‌ಲಿವೆಟ್ ಇದೆ. ಅದರ ಮುಂದೆ ಇದು ನಿನ್ನೆ ಹುಟ್ಟಿದ ಕೂಸು. ನೋಡಲಿಕ್ಕೂ ಸಾದಾ ಕಾರ್ಖಾನೆಯ ಶೆಡ್ಡು. ಚೆಲುವೆಲ್ಲ ಪಕ್ಕದ ಹಳೆಯ ಉಣ್ಣೆ ಗಿರಣಿಯದು. ಆರು ತಾಮ್ರದ ಹಂಡೆಗಳು, ವರ್ಷಕ್ಕೆ ಸುಮಾರು 40 ಲಕ್ಷ ಲೀಟರ್ ಸ್ಪಿರಿಟ್ ತೆಗೆಯುವ ತಾಕತ್ತು. ಅದರ ಮಾಲು ತನ್ನ ಹೆಸರಿನಲ್ಲಿ ಪೇಟೆಗೆ ಬಂದದ್ದು ಕಡಿಮೆ. ಹತ್ತಾರು ಭಟ್ಟಿಗಳ ಮಾಲು ಬೆರೆಸಿ ಮಾಡುವ ಬ್ಲೆಂಡಿನಲ್ಲಿ ಹೆಸರಿಲ್ಲದೆ ಕರಗಿ ಹೋಗುವುದೇ ಅದರ ಕೆಲಸವಾಗಿತ್ತು.

1993ರಲ್ಲಿ ವೈಟ್ ಅಂಡ್ ಮೆಕೇ ಇನ್ವರ್‌ಗಾರ್ಡನ್ ಕಂಪನಿಯನ್ನು ನುಂಗಿತು. ಎರಡು ಸಂಸಾರ ಒಂದಾದಾಗ ಪಾತ್ರೆ ಹೆಚ್ಚಾಗುವುದು ಸಹಜ. 1995ರಲ್ಲಿ ಹೊಸ ಯಜಮಾನರು ಟಾಮ್ನವೂಲಿನ್, ಟುಲಿಬಾರ್ಡಿನ್, ಬ್ರುಕ್‌ಲಾಡಿ ಈ ಮೂರಕ್ಕೂ ಬೀಗ ಹಾಕಿದರು. ಯಾವುದೂ ಕೆಟ್ಟ ಮಾಲು ತೆಗೆಯುತ್ತಿರಲಿಲ್ಲ, ಸಾಲದಲ್ಲಿ ಮುಳುಗಿರಲಿಲ್ಲ. ಗೋದಾಮಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಇದೆ, ಇನ್ನು ಯಾಕೆ ಕಾಸಬೇಕು ಎಂಬುದಷ್ಟೇ ಲೆಕ್ಕ. ಹೀಗೆ ಮುಚ್ಚುವಾಗ ಹಂಡೆಗಳನ್ನು ಕಿತ್ತು ಮಾರುವುದಿಲ್ಲ. ತೊಳೆದು, ಒಣಗಿಸಿ, ಬಾಗಿಲು ಹಾಕಿ, ಒಬ್ಬಿಬ್ಬರು ಕಾವಲುಗಾರರನ್ನು ಇಟ್ಟು ಹೋಗುತ್ತಾರೆ. 2000ದಲ್ಲಿ ಟಾಮ್ನವೂಲಿನ್ ಆರು ವಾರ ಉರಿದು ಮತ್ತೆ ಆರಿತು. ದಾಸ್ತಾನಿನಲ್ಲಿ ವಯಸ್ಸಿನ ತೂತು ತೀರ ದೊಡ್ಡದಾಗದಿರಲಿ ಎಂದು ಹೊಲಿಗೆ ಹಾಕಿದ ಹಾಗೆ ಇರಬೇಕು.

ಈ ಹುಚ್ಚಾಟ ಅರ್ಥವಾಗಬೇಕಾದರೆ ವಿಸ್ಕಿ ಮಾಡುವ ಬಗೆಯನ್ನು ನೋಡಬೇಕು. ಜವೆಗೋಧಿಯನ್ನು ನೆನೆಹಾಕಿ, ಮೊಳಕೆ ಬರಿಸಿ, ಒಣಗಿಸುತ್ತಾರೆ. ಮಕ್ಕಳಿಗೆ ರಾಗಿ ಮಾಲ್ಟ್ ಮಾಡುವಾಗ ನಮ್ಮ ಮನೆಗಳಲ್ಲಿ ಮಾಡುವುದೂ ಇಷ್ಟೇ. ಮೊಳಕೆಯಲ್ಲಿ ಹಿಟ್ಟು ಸಕ್ಕರೆಯಾಗುವ ಗುಣ ಹುಟ್ಟುತ್ತದೆ. ಅದನ್ನು ಒಡೆದು ಬಿಸಿನೀರಿನಲ್ಲಿ ಕಲಸಿ, ಸಿಹಿನೀರು ಬಸಿದು, ಯೀಸ್ಟ್ ಹಾಕಿ ಹುಳಿ ಬರಿಸಿ, ತಾಮ್ರದ ಹಂಡೆಯಲ್ಲಿ ಎರಡು ಸಲ ಭಟ್ಟಿ ಇಳಿಸುತ್ತಾರೆ. ಇಲ್ಲಿಯವರೆಗೆ ಕೆಲವೇ ವಾರಗಳ ಕೆಲಸ. ಇಳಿದದ್ದು ನೀರಿನ ಬಣ್ಣದ ಖಾರವಾದ ಸ್ಪಿರಿಟ್, ವಿಸ್ಕಿಯಲ್ಲ. ಸ್ಕಾಟ್ಲೆಂಡಿನ ಕಾನೂನಿನ ಪ್ರಕಾರ ಅದು ಓಕ್ ಪೀಪಾಯಿಯಲ್ಲಿ ಕಡಿಮೆಯೆಂದರೂ ಮೂರು ವರ್ಷ ಕೂರಬೇಕು. ಒಳ್ಳೆಯದು ಹತ್ತು, ಹನ್ನೆರಡು, ಹದಿನೆಂಟು ವರ್ಷ ಕೂರುತ್ತದೆ.

ಹಾಗಾಗಿ ಇವತ್ತು ಎಷ್ಟು ಕಾಸಬೇಕೆಂದು ನಿರ್ಧರಿಸುವವನು ಹನ್ನೆರಡು ವರ್ಷದ ನಂತರ ಜಗತ್ತು ಎಷ್ಟು ಕುಡಿಯುತ್ತದೆ ಎಂದು ಹೇಳಬೇಕು. ಜ್ಯೋತಿಷಿಯೂ ಇಷ್ಟು ದೂರದ್ದಕ್ಕೆ ಬಾಯಿ ಹಾಕುವುದಿಲ್ಲ. ಪೇಟೆ ಚೆನ್ನಾಗಿದ್ದಾಗ ಎಲ್ಲರೂ ಹೆಚ್ಚು ಕಾಸುತ್ತಾರೆ. ಆ ಮಾಲು ಹಣ್ಣಾಗುವ ಹೊತ್ತಿಗೆ ಪೇಟೆ ಕುಸಿದಿರುತ್ತದೆ. ಕುಸಿದಾಗ ಎಲ್ಲರೂ ಭಟ್ಟಿ ಆರಿಸುತ್ತಾರೆ. ಪೇಟೆ ಎದ್ದಾಗ ಹಳೆಯ ಮಾಲು ಸಾಲದು. ಸ್ಕಾಚ್‌ನ ಇನ್ನೂರು ವರ್ಷದ ಚರಿತ್ರೆ ಎಂದರೆ ಬಹುಪಾಲು ಈ ತಪ್ಪು ಲೆಕ್ಕಗಳ ಚರಿತ್ರೆ.

ಇದರಲ್ಲಿ ಎಲ್ಲಕ್ಕಿಂತ ರಂಗಾದ ಅಧ್ಯಾಯ ಪ್ಯಾಟಿಸನ್ ಸಹೋದರರದು. ಎಡಿನ್‌ಬರೋ ಬಂದರಾದ ಲೀತ್‌ನಲ್ಲಿ ರಾಬರ್ಟ್ ಮತ್ತು ವಾಲ್ಟರ್ ಪ್ಯಾಟಿಸನ್ ಹಾಲಿನ ಉತ್ಪನ್ನಗಳ ವ್ಯಾಪಾರದಿಂದ ವಿಸ್ಕಿಗೆ ಬಂದವರು. 1896ರಲ್ಲಿ ಕಂಪನಿಯ ಷೇರು ಮಾರಿದಾಗ ಜನ ಮುಗಿಬಿದ್ದರು. ಜಾಹೀರಾತಿಗೆ ಐನೂರು ಗಿಣಿಗಳನ್ನು ತರಿಸಿ, ಪ್ಯಾಟಿಸನ್ ವಿಸ್ಕಿ ಕೊಳ್ಳಿ ಎಂದು ಮಾತು ಕಲಿಸಿ ಅಂಗಡಿಗಳಿಗೆ ಹಂಚಿದರೆಂಬ ಕತೆ ಈಗಲೂ ಅಲ್ಲಿ ಚಾಲ್ತಿಯಲ್ಲಿದೆ. ಒಳಗೆ ಮಾತ್ರ ಅಗ್ಗದ ಮಾಲಿಗೆ ಮೇಲು ದರ್ಜೆಯ ಹೆಸರು, ಒಂದೇ ದಾಸ್ತಾನಿನ ಮೇಲೆ ಮತ್ತೆ ಮತ್ತೆ ಸಾಲ. 1898ರ ಡಿಸೆಂಬರಿನಲ್ಲಿ ಕಂಪನಿ ಬಿತ್ತು. 1901ರಲ್ಲಿ ಅಣ್ಣತಮ್ಮ ಇಬ್ಬರೂ ಜೈಲಿಗೆ ಹೋದರು. ಅವರನ್ನು ನಂಬಿ ಹೊಸ ಭಟ್ಟಿ ಕಟ್ಟಿದವರು, ಮಾಲು ಉದ್ರಿ ಕೊಟ್ಟವರು ಒಬ್ಬರ ಹಿಂದೊಬ್ಬರು ಬಾಗಿಲು ಹಾಕಿದರು. ನಮ್ಮ ಪತ್ತಿನ ಸಂಘಗಳು ಮುಳುಗಿದ ಬಗೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಮಹಾಯುದ್ಧ, ಅಮೆರಿಕದ ಪಾನನಿಷೇಧ, ಆರ್ಥಿಕ ಕುಸಿತ. 1880ರ ದಶಕದಲ್ಲಿ ಆಲ್ಫ್ರೆಡ್ ಬರ್ನಾರ್ಡ್ ಎಂಬ ಪತ್ರಕರ್ತ ಬ್ರಿಟನ್ ಮತ್ತು ಐರ್ಲೆಂಡಿನ ಭಟ್ಟಿಗಳನ್ನೆಲ್ಲ ಸುತ್ತಿ ದೊಡ್ಡ ಗ್ರಂಥ ಬರೆದಾಗ ಕ್ಯಾಂಪಲ್‌ಟೌನ್ ಎಂಬ ಒಂದೇ ಊರಿನಲ್ಲಿ 21 ಭಟ್ಟಿಗಳಿದ್ದವು. 1930ರ ದಶಕದ ಹೊತ್ತಿಗೆ ಉಳಿದದ್ದು ಎರಡು.

ಇತ್ತೀಚಿನ ದೊಡ್ಡ ಸಾವು 1983ರದು. ಅರವತ್ತು ಎಪ್ಪತ್ತರ ದಶಕಗಳಲ್ಲಿ ಬೇಕಾಬಿಟ್ಟಿ ಕಾಸಿದ ಮಾಲು ಗೋದಾಮು ತುಂಬಿತ್ತು. ತೈಲದ ಬೆಲೆ ಏರಿ ಕೈ ಬಿಗಿಯಾಯಿತು, ಹೊಸ ತಲೆಮಾರು ವೋಡ್ಕಾ, ವೈನ್ ಕಡೆ ತಿರುಗಿತು. ಎಲ್ಲಕ್ಕಿಂತ ದೊಡ್ಡದಾದ ಡಿಸಿಎಲ್ ಕಂಪನಿ ಆ ಒಂದು ವರ್ಷದಲ್ಲಿ 11 ಮಾಲ್ಟ್ ಭಟ್ಟಿಗಳನ್ನು, 1985ರಲ್ಲಿ ಮತ್ತೆ 10ನ್ನು ಮುಚ್ಚಿತು. ಇನ್ವರ್ನೆಸ್ ಊರಿನ ಗ್ಲೆನ್ ಆಲ್ಬಿನ್, ಗ್ಲೆನ್ ಮೋರ್ ಎರಡನ್ನೂ 1986ರಲ್ಲಿ ಕೆಡವಿದರು. ಆ ಜಾಗದಲ್ಲಿ ಅಂಗಡಿಗಳು ಬಂದವು. ಲಿನ್ಲಿತ್‌ಗೋದ ಸೇಂಟ್ ಮ್ಯಾಗ್ಡಲೀನ್ ಫ್ಲ್ಯಾಟುಗಳಾಯಿತು. ಡಾಲಸ್ ಡೂ ಸರ್ಕಾರಿ ಮ್ಯೂಸಿಯಂ ಆಯಿತು. 1993ರಲ್ಲಿ ಮುಚ್ಚಿದ ರೋಸ್‌ಬ್ಯಾಂಕ್ ಭಟ್ಟಿಗೆ 2008-09ರ ಚಳಿಗಾಲದಲ್ಲಿ ಕಳ್ಳರು ನುಗ್ಗಿ ತಾಮ್ರದ ಹಂಡೆಗಳನ್ನೇ ಹೊತ್ತೊಯ್ದರು. ಪಂಪ್‌ಸೆಟ್ಟಿನ ತಾಮ್ರದ ತಂತಿಗಾಗಿ ಬಾವಿ ಕಾಯುವ ನಮ್ಮ ರೈತರಿಗೆ ಈ ಕಳ್ಳರು ಅಪರಿಚಿತರೇನಲ್ಲ.

ಬೆಂಗಳೂರಿಗೂ ಇಂಥದೊಂದು ಉದಾಹರಣೆ ಇದೆ, ವಿಸ್ಕಿಯದಲ್ಲದಿದ್ದರೂ. ವಿಠಲ ಮಲ್ಯ ರಸ್ತೆಯಲ್ಲಿ ಯುಬಿ ಕಂಪನಿಯ ಹಳೆಯ ಬಿಯರ್ ಬ್ರೂವರಿ ಇದ್ದ ಜಾಗದಲ್ಲೇ ಇವತ್ತಿನ ಯುಬಿ ಸಿಟಿ ನಿಂತಿದೆ. ಬಿಯರ್ ತಿಂಗಳೊಪ್ಪತ್ತಿನ ಸರಕು, ಮುಚ್ಚಿದರೆ ದಾಸ್ತಾನಿನಲ್ಲಿ ಉಳಿಯುವುದೇನೂ ಇಲ್ಲ. ಉಳಿದದ್ದು ನೆಲ. ನೆಲಕ್ಕೆ ಬೆಂಗಳೂರಿನಲ್ಲಿ ಯಾವ ಸ್ಕಾಚ್‌ಗೂ ಕಡಿಮೆಯಿಲ್ಲದ ಬೆಲೆ.

ಸ್ಕಾಟ್ಲೆಂಡಿನಲ್ಲಿ ಮುಚ್ಚಿದ ಭಟ್ಟಿಗಳ ಪೀಪಾಯಿಗಳು ಬೇರೆ ಗೋದಾಮುಗಳಲ್ಲಿ ಮಲಗಿದ್ದವು. 1990ರ ದಶಕದ ಕೊನೆಗೆ ಒಂದೇ ಭಟ್ಟಿಯ ಮಾಲ್ಟನ್ನು ಹುಡುಕಿ ಕುಡಿಯುವ ಶೋಕಿ ಹುಟ್ಟಿದಾಗ ಅವು ಒಂದೊಂದಾಗಿ ಹೊರಬಂದವು. ಐಲಾ ದ್ವೀಪದ ಪೋರ್ಟ್ ಎಲೆನ್, ಉತ್ತರದ ಬ್ರೋರಾ ಇವು ಬದುಕಿದ್ದಾಗ ಬ್ಲೆಂಡಿನ ಕೂಲಿಯಾಳುಗಳು. ಸತ್ತ ಮೇಲೆ ದೇವರಾದವು. ಕೊನೆಗೆ ಒಡೆಯರಾದ ಡಿಯಾಜಿಯೋ ಕಂಪನಿಯವರೇ ಬ್ರೋರಾವನ್ನು 2021ರಲ್ಲಿ, ಪೋರ್ಟ್ ಎಲೆನ್ ಅನ್ನು 2024ರಲ್ಲಿ ಮತ್ತೆ ಹಚ್ಚಿದರು. ರೋಸ್‌ಬ್ಯಾಂಕ್ ಕೂಡ ಬೇರೆ ಒಡೆಯರ ಕೈಯಲ್ಲಿ ಹೊಸ ಹಂಡೆಗಳೊಂದಿಗೆ ಎದ್ದಿದೆ.

ದ್ರಾಕ್ಷಿಯ ನಾಡಿನವರಾದ ನಮಗೆ ಇದಕ್ಕಿಂತ ಹತ್ತಿರದ್ದು ಜಪಾನಿನ ಕರುಯಿಜಾವಾ. ಜ್ವಾಲಾಮುಖಿಯಾದ ಅಸಾಮಾ ಬೆಟ್ಟದ ತಪ್ಪಲಿನಲ್ಲಿ ದೈಕೋಕು ಬುದೋಶು ಎಂಬ ದ್ರಾಕ್ಷಾರಸದ ಕಂಪನಿ 1955ರಲ್ಲಿ ಹಾಕಿದ ವಿಸ್ಕಿ ಭಟ್ಟಿ ಅದು. ದುಬಾರಿ ಜವೆಗೋಧಿ, ಸಣ್ಣ ಹಂಡೆಗಳು, ಶೆರ್ರಿ ವೈನ್ ತುಂಬಿದ್ದ ಪೀಪಾಯಿಗಳು. ಜಪಾನಿನಲ್ಲಿ ವಿಸ್ಕಿಯ ಬೇಡಿಕೆ ಇಳಿದು 2000ದಲ್ಲಿ ಉತ್ಪಾದನೆ ನಿಂತಿತು. 2011ರಲ್ಲಿ ಉಳಿದಿದ್ದ 364 ಪೀಪಾಯಿಗಳನ್ನು ನಂಬರ್ ಒನ್ ಡ್ರಿಂಕ್ಸ್ ಎಂಬ ಸಣ್ಣ ವ್ಯಾಪಾರಿ ಸಂಸ್ಥೆ ಎತ್ತಿಕೊಂಡಿತು. 1960ರಲ್ಲಿ ತುಂಬಿದ ಒಂದೇ ಪೀಪಾಯಿಯಿಂದ ಬಂದ 41 ಬಾಟಲಿಗಳ ಪೈಕಿ ಒಂದು 2015ರಲ್ಲಿ ಹಾಂಗ್‌ಕಾಂಗ್ ಹರಾಜಿನಲ್ಲಿ 9,18,750 ಹಾಂಗ್‌ಕಾಂಗ್ ಡಾಲರಿಗೆ ಹೋಯಿತು. ಮರುವರ್ಷ ಭಟ್ಟಿಯ ಕಟ್ಟಡ ಕೆಡವಿದರು. 2020ರಲ್ಲಿ ಲಂಡನ್ನಿನಲ್ಲಿ ಅದೇ ಪೀಪಾಯಿಯ ಇನ್ನೊಂದು ಬಾಟಲಿಗೆ 3,63,000 ಪೌಂಡ್ ಬಂತು. ಇದನ್ನು ಯಾರಾದರೂ ಕುಡಿಯುತ್ತಾರೆಯೇ ಎಂದು ಕೇಳಬೇಡಿ. ಚಿನ್ನದ ಗಟ್ಟಿಯನ್ನು ಕರಗಿಸಿ ಬಳೆ ಮಾಡಿಸಿಕೊಳ್ಳುವವರಾದರೂ ಇದ್ದಾರೆ.

ಇನ್ನು ನಮ್ಮ ಕಡೆಗೆ ಬರೋಣ. ಭಾರತದಲ್ಲಿ ವಿಸ್ಕಿ ಎಂದು ಮಾರುವುದರ ಬಹುಭಾಗ ಕಾಕಂಬಿಯಿಂದಲೋ ಧಾನ್ಯದಿಂದಲೋ ಎತ್ತರದ ಕಾಲಮ್ಮಿನಲ್ಲಿ ಇಳಿಸಿದ, ರುಚಿ ವಾಸನೆ ಎರಡೂ ಇಲ್ಲದ ಸ್ಪಿರಿಟ್. ಅದಕ್ಕೆ ಸುಟ್ಟ ಸಕ್ಕರೆಯ ಬಣ್ಣ, ಪರಿಮಳ, ಮೇಲಾದ ಬ್ರಾಂಡಾದರೆ ಒಂದಷ್ಟು ಮಾಲ್ಟ್ ಅಥವಾ ಆಮದಾದ ಸ್ಕಾಚ್ ಬೆರೆಸುತ್ತಾರೆ. ಧಾನ್ಯದಿಂದ ಮಾಡದ್ದು, ಮೂರು ವರ್ಷ ಮರದಲ್ಲಿ ಕೂರದ್ದು ವಿಸ್ಕಿಯೇ ಅಲ್ಲವೆಂದು ಯುರೋಪಿನವರ ನಿಯಮ ಹೇಳುತ್ತದೆ. ನಮ್ಮ ನಿಯಮದಲ್ಲಿ ಆ ಕಟ್ಟು ಇಲ್ಲ. ಇದನ್ನು ಬರೀ ಮೋಸ ಎಂದು ತಳ್ಳಿಹಾಕುವವರ ಜೊತೆ ನನ್ನ ತಕರಾರಿದೆ. ಕಬ್ಬು ಇರುವಲ್ಲಿ ಕಬ್ಬಿನ ಸಾರಾಯಿ, ಜವೆಗೋಧಿ ಇರುವಲ್ಲಿ ಜವೆಗೋಧಿಯ ಸಾರಾಯಿ. ಕೃಷ್ಣೆಯ ಎರಡೂ ದಂಡೆಯಲ್ಲಿ ಕಬ್ಬಿದೆ. ಸಾಂಗಲಿಯಲ್ಲಿ ವಸಂತದಾದಾ ಪಾಟೀಲರು 1950ರ ದಶಕದಲ್ಲಿ ಕಟ್ಟಿದ ಸಹಕಾರಿ ಕಾರ್ಖಾನೆಗೂ ಡಿಸ್ಟಿಲರಿ ಇದೆ. ಸಾಂಗಲಿಯಲ್ಲೇ ಕಚೇರಿ ಇಟ್ಟುಕೊಂಡು ಗಡಿಯಾಚೆ ಬೆಳಗಾವಿ ಜಿಲ್ಲೆಯ ಉಗಾರ ಖುರ್ದದಲ್ಲಿ ಕಬ್ಬು ನುರಿಸುವ, 1939ರಲ್ಲಿ ಶಿರಗಾಂವಕರ ಮನೆತನದವರು ಶುರುಮಾಡಿದ ಉಗಾರ ಶುಗರ್ಸ್‌ಗೂ ಇದೆ. ಅವರು ಸ್ಪಿರಿಟ್ಟಿನ ಜೊತೆಗೆ ಬಾಟಲಿಯ ಮದ್ಯವನ್ನೂ ಮಾಡುತ್ತಾರೆ. ಹೆಸರಿಗೆ ಮಾತ್ರ ಸ್ಕಾಟ್ಲೆಂಡಿನ ಟೋಪಿ ಯಾಕೆ ಎಂಬ ಪ್ರಶ್ನೆ ಬೇರೆ.

ಆ ಟೋಪಿಯ ಬಗ್ಗೆ ಸುಪ್ರೀಂ ಕೋರ್ಟಿನವರೆಗೂ ಜಗಳ ಹೋಗಿದೆ. ಬೆಂಗಳೂರಿನ ಖೋಡೆ ಕಂಪನಿ 1968ರಲ್ಲಿ ಪೀಟರ್ ಸ್ಕಾಟ್ ಎಂಬ ವಿಸ್ಕಿ ತಂದಿತು. ಸ್ಕಾಟ್ ಎಂಬ ಶಬ್ದ ಗಿರಾಕಿಯನ್ನು ದಾರಿ ತಪ್ಪಿಸುತ್ತದೆ ಎಂದು ಸ್ಕಾಚ್ ವಿಸ್ಕಿ ಸಂಘದವರು 1986ರಲ್ಲಿ ತಕರಾರು ಹಾಕಿದರು. 2008ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಖೋಡೆಯವರ ಪರವಾಗಿ ತೀರ್ಪು ಕೊಟ್ಟಿತು. 1974ರಲ್ಲೇ ಗೊತ್ತಿದ್ದೂ ಹನ್ನೆರಡು ವರ್ಷ ಯಾಕೆ ಸುಮ್ಮನಿದ್ದಿರಿ ಎಂಬುದು ಕೋರ್ಟಿನ ಮುಖ್ಯ ಆಕ್ಷೇಪ. ಹನ್ನೆರಡು ವರ್ಷ ಕಾಯುವುದು ವಿಸ್ಕಿಗೆ ಒಳ್ಳೆಯದು, ದಾವೆಗಲ್ಲ.

ನಮ್ಮಲ್ಲಿ ಯಾರೂ ಕಾಯಲಿಲ್ಲ ಎನ್ನುವುದಕ್ಕೆ ಕಬ್ಬು ಒಂದೇ ಕಾರಣವಲ್ಲ. ಸಾಂಗಲಿಯೂ ಬೆಳಗಾವಿಯೂ ಮುಂಬಯಿ ರಾಜ್ಯದಲ್ಲಿದ್ದಾಗ 1949ರ ಪಾನನಿಷೇಧ ಕಾಯ್ದೆ ಬಂತು. ಮಹಾರಾಷ್ಟ್ರದಲ್ಲಿ ಅದು ಇವತ್ತಿಗೂ ಜಾರಿಯಲ್ಲಿದೆ. ಕಾಗದದ ಪ್ರಕಾರ ಕುಡಿಯುವವನ ಹತ್ತಿರ ಪರವಾನಗಿ ಇರಬೇಕು. ಮುಂದಿನ ವರ್ಷ ಕಾನೂನು ಏನಾಗುತ್ತದೋ ಗೊತ್ತಿಲ್ಲದ ರಾಜ್ಯದಲ್ಲಿ ಹನ್ನೆರಡು ವರ್ಷಕ್ಕೆ ಪೀಪಾಯಿ ತುಂಬಿಡುವ ಧೈರ್ಯ ಯಾರಿಗಿದೆ?

ಅದಕ್ಕಿಂತ ದೊಡ್ಡ ಶತ್ರು ಬಿಸಿಲು. ಮರದ ಪೀಪಾಯಿ ಉಸಿರಾಡುತ್ತದೆ, ಒಳಗಿನದು ಆವಿಯಾಗಿ ಹೋಗುತ್ತದೆ. ಸ್ಕಾಟ್ಲೆಂಡಿನವರು ಅದನ್ನು ದೇವತೆಗಳ ಪಾಲು ಎನ್ನುತ್ತಾರೆ. ಸ್ಕಾಟ್ಲೆಂಡಿನ ದೇವತೆಗಳು ವರ್ಷಕ್ಕೆ ನೂರಕ್ಕೆ ಎರಡು ಲೀಟರ್ ಕುಡಿದರೆ ಬೆಂಗಳೂರಿನ ದೇವತೆಗಳು ಹತ್ತರಿಂದ ಹನ್ನೆರಡು ಕುಡಿಯುತ್ತಾರೆ. ಮೈಸೂರು ರಸ್ತೆಯ ಕಂಬಿಪುರದಲ್ಲಿರುವ ಅಮೃತ್ ಡಿಸ್ಟಿಲರೀಸ್‌ನವರು ಕಂಡುಕೊಂಡ ಲೆಕ್ಕ ಇದು. 1948ರಲ್ಲಿ ರಾಧಾಕೃಷ್ಣ ಜಗದಾಳೆ ಆರಂಭಿಸಿದ ಈ ಕಂಪನಿ, ಮಗ ನೀಲಕಂಠ ಜಗದಾಳೆ ಅವರ ಕಾಲದಲ್ಲಿ, 2004ರ ಆಗಸ್ಟಿನಲ್ಲಿ ಭಾರತದ ಸಿಂಗಲ್ ಮಾಲ್ಟನ್ನು ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿತು. ಕೊಲ್ಲನ ಬೀದಿಯಲ್ಲಿ ಸೂಜಿ ಮಾರಲು ಹೋದವರನ್ನು ನೋಡಿ ಮೊದಲು ನಕ್ಕರು. ಆಮೇಲೆ ವಿಮರ್ಶಕ ಜಿಮ್ ಮರ್ರೆ 2010ರ ತನ್ನ ಪುಸ್ತಕದಲ್ಲಿ ಅಮೃತ್ ಫ್ಯೂಷನ್‌ಗೆ ಜಗತ್ತಿನಲ್ಲೇ ಮೂರನೆಯ ಸ್ಥಾನ ಕೊಟ್ಟ ಮೇಲೆ ನಗು ನಿಂತಿತು. ಇಲ್ಲಿನ ಸೆಕೆಯಲ್ಲಿ ವಿಸ್ಕಿ ನಾಲ್ಕೈದು ವರ್ಷಕ್ಕೇ ಹಣ್ಣಾಗುತ್ತದೆ. ಅದಕ್ಕಿಂತ ಮುಂದೆ ಇಟ್ಟರೆ ಉಳಿಯುವುದು ಮರ. ಎಂಟು ವರ್ಷ ಇಟ್ಟದ್ದನ್ನು ಅಮೃತ್‌ನವರು ಗ್ರೀಡಿ ಏಂಜಲ್ಸ್ ಎಂಬ ಹೆಸರಿಟ್ಟು ಬೆರಳೆಣಿಕೆಯ ಬಾಟಲಿಗಳಲ್ಲಿ ಹೊರತಂದರು.

ತಾಸಗಾಂವದ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರಿಗೆ ಇದನ್ನೆಲ್ಲ ಹೇಳುತ್ತಿದ್ದೆ. ಬೇದಾಣೆಯನ್ನು, ಅಂದರೆ ಒಣದ್ರಾಕ್ಷಿಯನ್ನು, ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ದರ ಕಾಯುವ ಮನುಷ್ಯ. ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: “ಸರ, ಹತ್ತ ವರ್ಷದ ಬಡ್ಡಿ ಯಾರ ತುಂಬತಾರ್ರಿ?”

ಸರಿಯಾದ ಪ್ರಶ್ನೆ. ಲೆಕ್ಕ ಹಾಕಿ ನೋಡೋಣ. ನೂರು ಲೀಟರ್ ಸ್ಪಿರಿಟ್ಟಿಗೆ ನೂರು ರೂಪಾಯಿ ಸಾಲ ಎಂದುಕೊಳ್ಳಿ. ಸ್ಕಾಟ್ಲೆಂಡಿನಲ್ಲಿ ಬಡ್ಡಿ ಶೇ 5, ಆವಿ ಶೇ 2 ಎಂದು ಹಿಡಿದರೆ ಹತ್ತು ವರ್ಷದಲ್ಲಿ ಸಾಲ 163 ರೂಪಾಯಿ ಆಗುತ್ತದೆ, ಮಾಲು 82 ಲೀಟರ್ ಉಳಿಯುತ್ತದೆ. ಅಂದರೆ ಲೀಟರಿಗೆ ಎರಡು ರೂಪಾಯಿ, ಮೊದಲಿನ ಎರಡು ಪಟ್ಟು. ಇಲ್ಲಿ ಬಡ್ಡಿ ಶೇ 12, ಆವಿ ಶೇ 10 ಹಿಡಿಯಿರಿ. ಸಾಲ 311 ರೂಪಾಯಿ, ಮಾಲು 35 ಲೀಟರ್. ಲೀಟರಿಗೆ ಸುಮಾರು ಒಂಬತ್ತು ಪಟ್ಟು. ಇಪ್ಪತ್ತು ವರ್ಷಕ್ಕೆ ಪೀಪಾಯಿಯ ತಳದಲ್ಲಿ 12 ಲೀಟರ್ ಇದ್ದರೆ ಪುಣ್ಯ. ಗೋದಾಮಿನ ಬಾಡಿಗೆ, ವಿಮೆ, ಅಬಕಾರಿ ಕಾವಲು ಇನ್ನೂ ಸೇರಿಸಿಲ್ಲ. ಭಾರತದಲ್ಲಿ ನಾಳೆ ಒಂದು ಮಾಲ್ಟ್ ಭಟ್ಟಿ ಮುಚ್ಚಿತೆಂದೇ ಇಟ್ಟುಕೊಳ್ಳಿ, ಮೂವತ್ತು ವರ್ಷದ ಬಳಿಕ ಅದರ ಪೀಪಾಯಿಗಳಿಂದ ಕರುಯಿಜಾವಾ ಹೊರಬರುವುದಿಲ್ಲ, ಬರೀ ಒಣಮರ ಹೊರಬರುತ್ತದೆ. ಬಿಸಿಲು ಮತ್ತು ಬಡ್ಡಿ ಕೂಡಿ ನಮ್ಮ ಡಿಸ್ಟಿಲರಿಗಳಿಗೆ ಮರಣೋತ್ತರ ಬದುಕನ್ನು ನಿರಾಕರಿಸಿವೆ.

ದ್ರಾಕ್ಷಿಯಲ್ಲಿ ಕಾಯುವ ಪ್ರಯತ್ನವೊಂದು ಈ ಜಿಲ್ಲೆಯಲ್ಲಿ ಆಯಿತು. ಮಹಾರಾಷ್ಟ್ರ ಸರ್ಕಾರ 2001ರಲ್ಲಿ ದ್ರಾಕ್ಷಿ ಸಂಸ್ಕರಣಾ ನೀತಿ ತಂದು ನಾಸಿಕದ ವಿಂಚೂರಿನಲ್ಲೂ ಸಾಂಗಲಿ ಜಿಲ್ಲೆಯ ಪಲೂಸಿನಲ್ಲೂ ವೈನ್ ಪಾರ್ಕ್ ಮಾಡಿತು. ನಾಸಿಕ ಹೆಸರು ಮಾಡಿತು, ಪಲೂಸಿನದು ಅಂದುಕೊಂಡ ಹಾಗೆ ಬೆಳೆಯಲಿಲ್ಲ. ತಿನ್ನುವ ದ್ರಾಕ್ಷಿಗೂ ಬೇದಾಣೆಗೂ ಕೈಗೆ ಕೈ ದುಡ್ಡು ಸಿಗುವಾಗ ವೈನಿನ ತಳಿ ಹಚ್ಚಿ ಕಂಪನಿಯ ಬಿಲ್ಲಿಗೆ ಕಾಯುವುದು ರೈತನಿಗೆ ಒಗ್ಗುವ ಕೆಲಸವೂ ಅಲ್ಲ.

ಈಗಂತೂ ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿಗೆ ಕುಡುಕನ ಹಂಗೇ ತಪ್ಪಿದೆ. 2018ರ ಜೈವಿಕ ಇಂಧನ ನೀತಿಯ ನಂತರ ಕಬ್ಬಿನ ರಸ, ಕಾಕಂಬಿ, ಮೆಕ್ಕೆಜೋಳ ಎಲ್ಲದರಿಂದಲೂ ಎಥೆನಾಲ್ ತೆಗೆದು ತೈಲ ಕಂಪನಿಗಳಿಗೆ ಕೊಡುವ ವ್ಯವಸ್ಥೆ ಬಲವಾಯಿತು. 2030ಕ್ಕೆಂದು ಇಟ್ಟಿದ್ದ ಶೇ 20ರ ಮಿಶ್ರಣದ ಗುರಿಯನ್ನು ಹಿಂದಕ್ಕೆ ಎಳೆದು 2025ರಲ್ಲೇ ಮುಟ್ಟಿದರು. ತೈಲ ಕಂಪನಿ ಬಿಲ್ಲು ಕೊಡುವುದು ವಾರಗಳ ಲೆಕ್ಕದಲ್ಲಿ, ವರ್ಷಗಳ ಲೆಕ್ಕದಲ್ಲಲ್ಲ. ಭಟ್ಟಿಯ ಹೊಲಸು ನೀರಿನ ಸಮಸ್ಯೆ ಮಾತ್ರ ಕುಡಿಯುವವರ ಕಾಲದಿಂದ ಓಡಿಸುವವರ ಕಾಲಕ್ಕೂ ಬಂದಿದೆ. ಕಾಕಂಬಿಯಿಂದ ಒಂದು ಲೀಟರ್ ಸ್ಪಿರಿಟ್ ತೆಗೆದರೆ ಎಂಟರಿಂದ ಹದಿನೈದು ಲೀಟರ್ ಕಪ್ಪು ಸ್ಪೆಂಟ್‌ವಾಷ್ ಬರುತ್ತದೆ, ಅದು ಎಲ್ಲಿ ಹೋಗುತ್ತದೆ ಎಂದು ಕೃಷ್ಣೆಯಲ್ಲಿ ಮೀನು ತೇಲಿದಾಗಲೆಲ್ಲ ಜನ ಕೇಳುತ್ತಾರೆ.

ಟಾಮ್ನವೂಲಿನ್‌ಗೆ ಮರಳೋಣ. ಬೆಂಗಳೂರಿನ ಒಡೆಯರು ಅದನ್ನು ಮತ್ತೆ ಹಚ್ಚಿದ್ದು 2007ರ ಜುಲೈನಲ್ಲಿ. ಅದೇ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಪ್ಯಾಕೆಟ್ ಸಾರಾಯಿ ಕುಡಿಯುತ್ತಿದ್ದ ಕೂಲಿಕಾರ ಅಗ್ಗದ ವಿಸ್ಕಿಯ ಕ್ವಾರ್ಟರಿಗೆ ಏರಿದ. ಒಂದೇ ತಿಂಗಳಲ್ಲಿ ಇಲ್ಲೊಂದು ಬಾಗಿಲು ಮುಚ್ಚಿತು, ಅಲ್ಲೊಂದು ತೆರೆಯಿತು. ಎರಡೂ ಕಡೆ ಲಾಭ ಯಾರ ಕಡೆ ಹರಿಯಿತೆಂದು ಬಿಡಿಸಿ ಹೇಳಬೇಕಿಲ್ಲ. ಭಾರತದ ಬ್ಲೆಂಡುಗಳಿಗೆ ಬೆರೆಸಲು ಸ್ಕಾಚ್ ಬೇಕು, ಅದಕ್ಕೆ ತನ್ನದೇ ಭಟ್ಟಿ ಇರಲಿ ಎಂಬುದು ಯುನೈಟೆಡ್ ಸ್ಪಿರಿಟ್ಸ್‌ನ ಲೆಕ್ಕವಾಗಿತ್ತು. ಲೆಕ್ಕ ತಪ್ಪಿರಲಿಲ್ಲ, ಹನ್ನೆರಡು ವರ್ಷ ಸುಮ್ಮನಿದ್ದ ಆರು ಹಂಡೆಗಳು ಉರಿದವು, ಪೀಪಾಯಿಗಳು ತುಂಬಿದವು.

ಆದರೆ ಪೀಪಾಯಿ ಹಣ್ಣಾಗುವವರೆಗೆ ಒಡೆಯ ಉಳಿಯಲಿಲ್ಲ. ಮಲ್ಯ ಅವರ ಕಿಂಗ್‌ಫಿಷರ್ ಕಂಪನಿಯ ವಿಮಾನಗಳು 2012ರ ಅಕ್ಟೋಬರಿನಲ್ಲಿ ನೆಲಕ್ಕಿಳಿದವು. ಯುನೈಟೆಡ್ ಸ್ಪಿರಿಟ್ಸ್ ಡಿಯಾಜಿಯೋ ಪಾಲಾಯಿತು. ಡಿಯಾಜಿಯೋದ ಬಳಿ ಆಗಲೇ ಇಷ್ಟೊಂದು ಸ್ಕಾಚ್ ಇರುವಾಗ ವೈಟ್ ಅಂಡ್ ಮೆಕೇ ಕೂಡ ಸೇರಿದರೆ ಪೈಪೋಟಿ ಉಳಿಯುವುದಿಲ್ಲವೆಂದು ಬ್ರಿಟನ್ನಿನ ನಿಯಂತ್ರಕರು ತಕರಾರು ತೆಗೆದರು. 2014ರಲ್ಲಿ ಅದನ್ನು ಫಿಲಿಪೀನ್ಸಿನ ಎಂಪೆರಡಾರ್ ಕಂಪನಿಗೆ 43 ಕೋಟಿ ಪೌಂಡಿಗೆ ಮಾರಿದರು. ಕೊಂಡದ್ದಕ್ಕಿಂತ 16.5 ಕೋಟಿ ಪೌಂಡ್ ಕಡಿಮೆ. ಎಂಪೆರಡಾರ್ ಬ್ರಾಂದಿಯಿಂದ ಬೆಳೆದ ಕಂಪನಿ. ಬಾಟಲಿಯ ಮೇಲೆ ಹೆಸರು ಮೂಡಿಸುವುದು ಅವರಿಗೆ ಗೊತ್ತು. ಭಟ್ಟಿಗೆ ಐವತ್ತು ತುಂಬಿದ 2016ರಲ್ಲಿ ಅವರು ಟಾಮ್ನವೂಲಿನ್ ಹೆಸರಿನಲ್ಲೇ ಡಬಲ್ ಕ್ಯಾಸ್ಕ್ ಎಂಬ ಮಾಲ್ಟ್ ತಂದರು. ಬ್ರಿಟನ್ನಿನ ಸೂಪರ್ ಮಾರ್ಕೆಟ್ಟುಗಳಲ್ಲಿ ಅದು ಈಗ ಚೆನ್ನಾಗಿ ಹೋಗುವ ಮಾಲು.

2007ರಿಂದ 2014ರವರೆಗೆ ಬೆಂಗಳೂರಿನ ದುಡ್ಡಿನಲ್ಲಿ ಕಾಸಿದ ಸ್ಪಿರಿಟ್ಟಿನಲ್ಲಿ ಇನ್ನೂ ಪೀಪಾಯಿಯಲ್ಲಿ ಉಳಿದಿರುವುದಕ್ಕೆ ಹತ್ತು ವರ್ಷ ದಾಟಿದೆ, ಎಲ್ಲಕ್ಕಿಂತ ಮೊದಲಿನದಕ್ಕೆ ಹದಿನೆಂಟು ತುಂಬಿದೆ. ಅದು ಮನಿಲಾದ ಲೆಕ್ಕಪುಸ್ತಕದಲ್ಲಿದೆ. ಇಲ್ಲಿಗೆ ಬರಬೇಕಾದರೆ ಎಲ್ಲ ಸ್ಕಾಚ್‌ನಂತೆ ಅದಕ್ಕೂ 2025ರಲ್ಲಿ ಶೇ 150 ಸುಂಕವಿತ್ತು. 2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ಸಹಿ ಹಾಕಿದ ವ್ಯಾಪಾರ ಒಪ್ಪಂದದಲ್ಲಿ ಅದನ್ನು ಮೊದಲು ಶೇ 75ಕ್ಕೆ, ಹತ್ತು ವರ್ಷದಲ್ಲಿ ಶೇ 40ಕ್ಕೆ ಇಳಿಸುವ ಮಾತಿದೆ. ಸ್ಕಾಟ್ಲೆಂಡಿನ ಭಟ್ಟಿಗಳವರು ಈ ಅಂಕಿಯನ್ನು ಮುಂದಿಟ್ಟುಕೊಂಡು ಈ ಹಂಗಾಮಿನಲ್ಲಿ ಎಷ್ಟು ಪೀಪಾಯಿ ತುಂಬಬೇಕೆಂದು ಮತ್ತೆ ಲೆಕ್ಕ ಹಾಕುತ್ತಿರಬೇಕು.